ಅರ್ಧ ಗೇಣಿನ ಅಂತರ

ಪೋರ್ಶೆ 911 ಕರೇರಾ ಎಂಬ ಕಾರು ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರ್ ವೇಗವನ್ನು 4.2 ಸೆಕೆಂಡುಗಳಲ್ಲಿ ಮುಟ್ಟುತ್ತದೆ ಎಂದು ಅದರ ತಯಾರಕರು ಬರೆದುಕೊಂಡಿದ್ದಾರೆ. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಅದೇ ಕಾರಿನೊಳಗೆ ಅರವತ್ತು ದಾಟಿದ ಮನುಷ್ಯನೊಬ್ಬ ಹೋಗಿ ಕೂರಲು ಎಷ್ಟು ಹೊತ್ತು ಬೇಕು, ಕೂತವನು ತಿರುಗಿ ಎದ್ದು ಬರಲು ಎಷ್ಟು ಜನರ ಸಹಾಯ ಬೇಕು ಎಂಬ ವಿವರಗಳು ಅವರ ಪುಸ್ತಿಕೆಯಲ್ಲಿ ಎಲ್ಲಿಯೂ ಇಲ್ಲ. ಆ ಕೊರತೆಯನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದದ್ದು ಅಕ್ಕನ ಮಗನ ದೆಸೆಯಿಂದ.

ಅವನು ತಾನು ಕಟ್ಟಿ ಬೆಳೆಸಿದ ಸಾಫ್ಟ್‌ವೇರ್ ಕಂಪನಿಯನ್ನು ಮಾರಿ, ಬಂದ ಹಣದ ಒಂದು ಪಾಲನ್ನು ಸೆಕೆಂಡ್ ಹ್ಯಾಂಡ್ ಪೋರ್ಶೆಯೊಂದಕ್ಕೆ ಸುರಿದಿದ್ದ. ಆ ದುಡ್ಡಿಗೆ ಮೈಸೂರಿನಲ್ಲಿ ಎರಡು ಸೈಟು ಬರುತ್ತಿತ್ತೆಂದು ಅಕ್ಕ ಊಟ ಬಿಟ್ಟು ಕೂತಿದ್ದಳು. ನಾನು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ, "ಮಾವ, ನೀವೇ ಓಡಾಡಿ ನೋಡಿ ಒಂದು ವರದಿ ಬರೆದುಕೊಡಿ, ಅಮ್ಮ ನಿಮ್ಮ ಮಾತು ತೆಗೆದುಹಾಕುವುದಿಲ್ಲ" ಎಂದು ಅಳಿಯ ಕೇಳಿಕೊಂಡ. ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ಇಳಿಜಾರು ಬಹಳ ಕಡಿದಾಗಿದ್ದು, ಕಾರಿನ ಮೂತಿ ಅಲ್ಲಿ ನೆಲಕ್ಕೆ ತಾಗುತ್ತಿದ್ದುದರಿಂದ, ವಾಹನವನ್ನು ನಮ್ಮ ಮನೆಯಲ್ಲಿಯೇ ಬಿಟ್ಟುಹೋದ. ನಮ್ಮ ಹಳೆಯ ಮಾರುತಿ ಪೋರ್ಟಿಕೋ ತೆರವು ಮಾಡಿ ಬೀದಿಯ ಹೊಂಗೆ ಮರದ ಕೆಳಗೆ ನಿಂತಿತು.

ವರದಿಗೆ ಕಾರ್ಯಕ್ಷಮತೆ, ಸುಖ ಮತ್ತು ನಿತ್ಯೋಪಯೋಗ ಎಂಬ ಮೂರು ಶೀರ್ಷಿಕೆಗಳನ್ನು ಹಾಕಿಕೊಂಡೆ. ಒಳಗೆ ಕೂರದೆ ಯಾವುದನ್ನೂ ಅಳೆಯಲಾಗದು; ಆದ್ದರಿಂದ ಕೂರುವ ವಿಚಾರವನ್ನೇ ಮೊದಲು ಕೈಗೆತ್ತಿಕೊಂಡೆ. ಎಲ್ಲ ಕಾರುಗಳಿಗೂ ನಾವು ಹತ್ತುತ್ತೇವೆ, ಇದಕ್ಕೆ ಇಳಿಯಬೇಕು. ಬಾಗಿಲು ತೆರೆದು, ಕಾರಿಗೆ ಬೆನ್ನು ಮಾಡಿ ನಿಂತು, ಮನೆದೇವರನ್ನು ನೆನೆದು, ಹಿಂದೆ ಸೀಟು ಇದ್ದೇ ಇದೆಯೆಂಬ ನಂಬಿಕೆಯ ಮೇಲೆ ದೇಹವನ್ನು ಕೆಳಕ್ಕೆ ಬಿಟ್ಟು, ಅದು ಎಲ್ಲೋ ಒಂದು ಕಡೆ ತಾಗಿದ ಬಳಿಕ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುವುದು ನಾನು ಕಂಡುಕೊಂಡ ಕ್ರಮ. ರೇಷ್ಮೆ ಸೀರೆ ಉಟ್ಟವರಿಗೆ ಈ ಕ್ರಮ ಒಗ್ಗುವುದಿಲ್ಲವೆಂದು ನನ್ನ ಹೆಂಡತಿ ಸಾಧಿಸಿ ತೋರಿಸಿದಳು. ಎದುರುಮನೆಯವರು ಆ ಹೊತ್ತಿಗೆ ಸರಿಯಾಗಿ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹೊರಗೆ ಬಂದಿದ್ದರು.

ಕಾರು ಚಾಲೂ ಮಾಡುವ ತಿರುಪು ಸ್ಟಿಯರಿಂಗಿನ ಬಾಗಿಲ ಕಡೆಗಿದೆ. ಫ್ರಾನ್ಸಿನ ಲ ಮಾನ್ ಕಾರು ಓಟದ ಸ್ಪರ್ಧೆಯಲ್ಲಿ ಹಿಂದೆ ಚಾಲಕರು ರಸ್ತೆಯ ಆಚೆ ಬದಿಯಿಂದ ಓಡಿಬಂದು ಕಾರಿಗೆ ಹಾರಿ ಕೂತು ಹೊರಡಬೇಕಿತ್ತು. ಒಂದು ಕೈಯಲ್ಲಿ ಕೀಲಿ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ಗೇರು ಹಾಕಿದರೆ ಕ್ಷಣವೊಂದು ಉಳಿಯುತ್ತದೆಂದು ಈ ಏರ್ಪಾಡು ಬಂತು ಎಂಬ ಕಥೆಯಿದೆ. 1969ರ ಬಳಿಕ ಅಂಥ ಓಟದ ಆರಂಭವನ್ನು ಅಲ್ಲಿ ಕೈಬಿಟ್ಟರು. ಇದನ್ನು ವಿವರಿಸಿದಾಗ ಹೆಂಡತಿ ನನ್ನ ಮೊಣಕಾಲಿನತ್ತ ಒಮ್ಮೆ ನೋಡಿ, "ಉಳಿದ ಆ ಕ್ಷಣವನ್ನು ನೀವು ಯಾವುದಕ್ಕೆ ಬಳಸುತ್ತೀರಿ?" ಎಂದು ಕೇಳಿದಳು.

ಕೂತ ಮೇಲೆ ಸುಖದ ವಿಷಯದಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ. ಸೀಟು ಸೊಂಟವನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿಯುತ್ತದೆ, ಡಾಂಬರು ನುಣುಪಾಗಿರುವ ಕಡೆ ಸವಾರಿ ಹಿತವಾಗಿರುತ್ತದೆ, ಸ್ಟಿಯರಿಂಗು ರಸ್ತೆಯ ಸಣ್ಣ ಗೀರನ್ನೂ ಅಂಗೈಗೆ ತಿಳಿಸುತ್ತದೆ. ನಮ್ಮ ಬಡಾವಣೆಯಲ್ಲಿ ಇಷ್ಟೊಂದು ಸಮಾಚಾರ ಯಾರಿಗೂ ಬೇಕಾಗಿಲ್ಲ ಎಂಬುದಷ್ಟೇ ನನ್ನ ತಕರಾರು.

ಕಾರ್ಯಕ್ಷಮತೆಯನ್ನು ಬೆಂಗಳೂರಿನೊಳಗೆ ಅಳೆಯುವ ಆಸೆಯನ್ನು ಆರಂಭದಲ್ಲಿಯೇ ಬಿಟ್ಟಿದ್ದೆ. ನಗರಗಳ ಸಂಚಾರದ ಲೆಕ್ಕ ಇಡುವ ಟಾಮ್‌ಟಾಮ್ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿದ ಪ್ರಕಾರ ಈ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಅಂದರೆ ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮೂರು ಲೀಟರಿನ ಆರು ಸಿಲಿಂಡರುಗಳು, ಎರಡು ಟರ್ಬೊ, 385 ಅಶ್ವಶಕ್ತಿ, ಎಂಟು ಗೇರು, ಗಂಟೆಗೆ 293 ಕಿಲೋಮೀಟರಿನ ಗರಿಷ್ಠ ವೇಗ, ಇಷ್ಟೆಲ್ಲವೂ ಬನಶಂಕರಿಯ ಸಿಗ್ನಲ್ಲಿನಲ್ಲಿ ಬಾಳೆಹಣ್ಣಿನ ತಳ್ಳುಗಾಡಿಯ ಹಿಂದೆ ವಿನಯದಿಂದ ನಿಂತಿರುವುದನ್ನು ಕಂಡರೆ ವೇದಾಂತ ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ.

ಮೈಸೂರಿನ ಬಂಧುಗಳ ಗೃಹಪ್ರವೇಶ ಒದಗಿ ಬಂದದ್ದು ಅನುಕೂಲವಾಯಿತು. ಹೊಸ ಹೆದ್ದಾರಿಯಲ್ಲಿ ಪರೀಕ್ಷೆಯೂ ಆಗುತ್ತದೆ, ಅಕ್ಕನ ಮನಸ್ಸೂ ತಿರುಗುತ್ತದೆ ಎಂದು ಅಳಿಯ ಯೋಜನೆ ಹಾಕಿದ. ದಾಖಲೆಯ ಪ್ರಕಾರ ಈ ಕಾರಿನಲ್ಲಿ ನಾಲ್ಕು ಜನ ಕೂರಬಹುದು. ಮುಂದಿನ ಸೀಟು ಹಿರಿಯಳಾದ ಅಕ್ಕನಿಗೆ ಸಂದಿತು. ನನ್ನ ಹೆಂಡತಿ ಹಿಂದಿನ ಸೀಟನ್ನು ಬಗ್ಗಿ ನೋಡಿ, ತಾನು ರೈಲಿನಲ್ಲಿ ಬರುವುದಾಗಿ ತಿಳಿಸಿ, ಹಾಗೆಯೇ ಮಾಡಿದಳು. ಹೀಗಾಗಿ ಹಿಂದೆ ನಾನು, ಉಡುಗೊರೆಯ ಕುಕ್ಕರು ಮತ್ತು ಅರಿಸಿನ ಕುಂಕುಮದ ಚೀಲ ಕೂತೆವು. ನಾನು ಕೂತೆ ಎನ್ನುವುದಕ್ಕಿಂತ ಮಡಚಿಕೊಂಡೆ ಎಂದರೆ ಸರಿಯಾದೀತು. ಕತ್ತು ಚಾವಣಿಯ ವಾಲಿಗೆ ಹೊಂದಿಕೊಂಡು ಬಾಗಿತ್ತು, ಮೊಣಕಾಲುಗಳು ಗಲ್ಲದ ಸಮೀಪಕ್ಕೆ ಬಂದಿದ್ದವು. ಆದರೂ ಒಂದು ಮಾತು ಹೇಳಲೇಬೇಕು: 911ರ ಎಂಜಿನ್ನು ಹಿಂಬದಿಯ ಅಚ್ಚಿನಿಂದಲೂ ಹಿಂದಕ್ಕೆ ಇರುವುದರಿಂದ, ಅದರ ನಾದವನ್ನು ಬೆನ್ನುಮೂಳೆಯಿಂದ ಕೇಳುವ ಭಾಗ್ಯ ಹಿಂದಿನ ಸೀಟಿನವನಿಗೆ ಮಾತ್ರ ಉಂಟು.

ಬಿಡದಿಯ ಈಚೆಗೆ ಸಿಗುವ ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಓದಿ ಅಡ್ಡಕೋಲು ಮೇಲೆದ್ದಿತು. ಮುಂದೆ ರಸ್ತೆ ಖಾಲಿಯಿತ್ತು. ಅಳಿಯ ಪೆಡಲು ಒತ್ತಿದ. ಕಾರು ಮುಂದಕ್ಕೆ ನೆಗೆದಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಎಂಜಿನ್ನೂ ಹಿಂದೆಯೇ ಇರುವುದರಿಂದ ಓಡಿಸುವ ಚಕ್ರಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಜಾರುವುದಿಲ್ಲ ಎಂದು ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದೆ. ಆ ಬಾಣ ಈಗ ನನ್ನ ಹೊಟ್ಟೆಯ ಮೇಲೆ ಕುಕ್ಕರಿನ ರೂಪದಲ್ಲಿ ಬಂದು ಕೂತಿತು. ಅಕ್ಕ "ರಾಘವೇಂದ್ರಾ" ಎಂದು ಆರಂಭಿಸಿದವಳು ಆ ಹೆಸರು ಮುಗಿಸುವಷ್ಟರಲ್ಲಿ ಮುಳ್ಳು ನೂರರ ಮೇಲಿತ್ತು. ಆ ಹೆದ್ದಾರಿಯಲ್ಲಿ ವೇಗದ ಮಿತಿಯೂ ಗಂಟೆಗೆ ನೂರೇ, ಕ್ಯಾಮೆರಾಗಳೂ ಇವೆ. ಹಾಗಾಗಿ ಕಾರ್ಯಕ್ಷಮತೆಯ ಪರೀಕ್ಷೆ ನಾಲ್ಕೂಕಾಲು ಸೆಕೆಂಡಿನೊಳಗೆ ಸಂಪೂರ್ಣವಾಗಿ ಮುಗಿದುಹೋಯಿತು. ಮೈಸೂರು ಇನ್ನೂ ನೂರು ಕಿಲೋಮೀಟರಿನಷ್ಟು ದೂರವಿತ್ತು.

ಉಳಿದ ದಾರಿಯುದ್ದಕ್ಕೂ ಎಂಜಿನ್ನು ಎಂಟನೆಯ ಗೇರಿನಲ್ಲಿ ತೂಕಡಿಸಿತು. ಮದ್ದೂರು ಸಮೀಪಿಸಿದಾಗ ಅಕ್ಕ ವಡೆಯ ಪ್ರಸ್ತಾಪ ಎತ್ತಿದಳು. 2023ರಲ್ಲಿ ಉದ್ಘಾಟನೆಯಾದ ಈ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು, ಮದ್ದೂರಿನಲ್ಲಿ ಊರಿನ ತಲೆಯ ಮೇಲೆ ಸೇತುವೆಯಾಗಿ ಹಾದುಹೋಗುತ್ತದೆ. ವಡೆ ತಿನ್ನಬೇಕಾದರೆ ಮೊದಲೇ ಎಚ್ಚರದಿಂದ ಸರ್ವಿಸ್ ರಸ್ತೆಗೆ ಇಳಿಯಬೇಕು, ಅಲ್ಲಿನ ಗುಂಡಿಗಳನ್ನು ಕಂಡು ಅಳಿಯ ಇಳಿಯಲಾರೆನೆಂದ. ಎರಡು ಸೈಟಿನ ಬೆಲೆಯ ಕಾರಿನಲ್ಲಿ ಹೋಗಿಯೂ ವಡೆ ಸಿಗಲಿಲ್ಲ ಎಂಬ ಸಂಗತಿ ಗೃಹಪ್ರವೇಶದ ಪಂಕ್ತಿಯಲ್ಲಿ ಎಲ್ಲರಿಗೂ ತಿಳಿಯಿತು. ರೈಲಿನಲ್ಲಿ ಬಂದ ನನ್ನ ಹೆಂಡತಿ ಮದ್ದೂರು ನಿಲ್ದಾಣದಲ್ಲಿ ಕೊಂಡ ವಡೆಯ ಪೊಟ್ಟಣವನ್ನು ಬಿಚ್ಚಿದ್ದೂ ಆಗಲೇ.

ನಿತ್ಯೋಪಯೋಗದ ವಿಷಯಕ್ಕೆ ಬಂದರೆ, ಡಿಕ್ಕಿ ಮುಂದಿದೆ. ಅದರ ಅಳತೆ 132 ಲೀಟರು. ಅಕ್ಕಿಯ ಮೂಟೆ, ಎರಡು ತೆಂಗಿನಕಾಯಿ ಹಿಡಿಸುತ್ತದೆ ಎಂದು ಪ್ರಯೋಗದಿಂದ ಖಚಿತಪಡಿಸಿಕೊಂಡೆ. ತೊಂದರೆಯಾದದ್ದು ಮಾಲ್ ಒಂದರ ಬಾಗಿಲಿನಲ್ಲಿ. ಕಾವಲುಗಾರ ಪದ್ಧತಿಯಂತೆ ಹಿಂದಕ್ಕೆ ಹೋಗಿ, "ಡಿಕ್ಕಿ ತೆಗೀರಿ ಸಾರ್" ಎಂದ. ಹಿಂದೆ ಇರುವುದು ಎಂಜಿನ್ನು ಎಂದೆ. ಹಾಗಾದರೆ ಬಾನೆಟ್ಟು ತೆಗೆಯಿರಿ ಎಂದ. ತೆಗೆದಾಗ ಅಲ್ಲಿ ಅಕ್ಕಿ ಮೂಟೆ ಕಂಡಿತು. ಬಾನೆಟ್ಟಿನೊಳಗೆ ಎಂಜಿನ್ನಿಲ್ಲದೆ ಸೋನಾ ಮಸೂರಿ ತುಂಬಿಕೊಂಡು ಬಂದ ವಾಹನದ ಬಗ್ಗೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಯ ಪ್ರಯತ್ನವೆಂಬಂತೆ, ಚಕ್ರ ಕಟ್ಟಿದ ಕನ್ನಡಿಯನ್ನು ಕಾರಿನ ಅಡಿಗೆ ತಳ್ಳಲು ನೋಡಿದ. ಕನ್ನಡಿ ಹೋಗಲಿಲ್ಲ. ಮೇಲ್ವಿಚಾರಕ ಬಂದ, ಅವನೂ ತಳ್ಳಿ ನೋಡಿದ. ಕನ್ನಡಿಯೇ ನುಸುಳದ ಜಾಗದಲ್ಲಿ ಬಾಂಬು ನುಸುಳುವುದು ಹೇಗೆ ಎಂಬ ನನ್ನ ವಾದ ಆತನಿಗೆ ಹಿಡಿಸಿತಾದರೂ, ಬಾಂಬು ಎಂಬ ಶಬ್ದವನ್ನು ನಾನೇ ಉಚ್ಚರಿಸಿದ್ದರಿಂದ ನಮ್ಮನ್ನು ಇನ್ನಷ್ಟು ಹೊತ್ತು ಬದಿಗೆ ನಿಲ್ಲಿಸಲಾಯಿತು.

ಸೊಪ್ಪು ತರಲು ಈ ಕಾರಿನಲ್ಲಿ ಹೋಗಬಾರದು. ಕೊತ್ತಂಬರಿ ಕಟ್ಟಿನ ಬೆಲೆ ಕಾರು ನಿಲ್ಲುತ್ತಿದ್ದಂತೆಯೇ ಏರುತ್ತದೆ, ಚೌಕಾಸಿಗೆ ಬಾಯಿ ತೆರೆದರೆ ಸೊಪ್ಪಿನವಳು ನಮ್ಮನ್ನಲ್ಲ, ಕಾರನ್ನು ನೋಡಿ ನಗುತ್ತಾಳೆ. ಪೆಟ್ರೋಲ್ ಬಂಕು, ದೇವಸ್ಥಾನ, ಔಷಧದಂಗಡಿ, ಎಲ್ಲಿ ನಿಲ್ಲಿಸಿದರೂ ಜನ ಕೇಳುವುದು ಒಂದೇ ಪ್ರಶ್ನೆ: ಮೈಲೇಜ್ ಎಷ್ಟು ಕೊಡುತ್ತೆ? ನಗರದೊಳಗೆ ಒಂದಂಕಿಯ ಆ ಉತ್ತರ ಕೇಳಿದವರ ಮುಖದಲ್ಲಿ ಕಾಣುವ ಮರುಕ ನಿಜವಾದದ್ದು. ಪಂಕ್ಚರ್ ಅಂಗಡಿಯ ಹುಡುಗನಿಗೆ ಮಾತ್ರ ಬೇರೆ ಚಿಂತೆ. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ತೂತಿಗೆ ತುಂಬುವ ದ್ರವ ಮತ್ತು ಗಾಳಿಯ ಪಂಪು ಮಾತ್ರ ಉಂಟು. ಮುಂದಿನ ಟೈರು 235 ಮಿಲಿಮೀಟರ್ ಅಗಲ, ಹಿಂದಿನದು 295. ಮುಂದಿನ ರಿಮ್ಮು 19 ಅಂಗುಲ, ಹಿಂದಿನದು 20. ಹಿಂದಿನ ಟೈರನ್ನು ನೋಡಿ, ಇದು ಯಾವ ಲಾರಿಯದೆಂದು ಅವನು ಕೇಳಿದ. ಸವೆತ ಸಮನಾಗಲು ಮುಂದಿನದನ್ನು ಹಿಂದೆ ಹಾಕಿಕೊಡುವುದಾಗಿಯೂ ಹೇಳಿದ. ಅದು ಸಾಧ್ಯವಿಲ್ಲವೆಂದಾಗ, ಕಾರು ಮಾಡಿದವರು ಈ ಬಗ್ಗೆ ಸ್ವಲ್ಪ ಯೋಚಿಸಬೇಕಿತ್ತು ಎಂದ.

ಆದರೆ ವರದಿಯ ಹೆಚ್ಚಿನ ಪುಟಗಳು ಹೋದದ್ದು ನಮ್ಮ ರಸ್ತೆಯ ಹಂಪಿಗೆ, ಅಂದರೆ ವೇಗ ತಡೆಯಲು ಹಾಕಿದ ಉಬ್ಬಿಗೆ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು ಅರ್ಧ ಗೇಣು. ಇದು ಕಡಿಮೆಯೇ ಎಂದು ಕೇಳಿದರೆ, ಅಲ್ಲ ಎಂಬುದೇ ನನ್ನ ಉತ್ತರ. ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಸಂಹಿತೆ ಹೇಳಿದಂತೆ ಹಂಪು 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತಿದ್ದು, 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ಈ ಕಾರಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.45 ಮೀಟರ್ ದೂರವಿದೆ. ಅಷ್ಟು ದೂರದೊಳಗೆ ಅಂಥ ಹಂಪು ಚಕ್ರಗಳ ಮಟ್ಟಕ್ಕಿಂತ ಉಬ್ಬುವುದು 4.4 ಸೆಂಟಿಮೀಟರ್ ಮಾತ್ರ. ಹೊಟ್ಟೆಯಡಿಗೆ ಇನ್ನೂ ಧಾರಾಳ ಜಾಗ ಉಳಿಯುತ್ತದೆ. ಕಾರು ತಯಾರಿಸಿದ ಜರ್ಮನಿಯವರು ಸರಿಯಾಗಿ ಮಾಡಿದ್ದಾರೆ, ಸಂಹಿತೆ ಬರೆದವರೂ ಸರಿಯಾಗಿ ಬರೆದಿದ್ದಾರೆ. ನಮ್ಮ ರಸ್ತೆಯ ಹಂಪನ್ನು ಹಾಕಿದ್ದು ಇವರಿಬ್ಬರೂ ಅಲ್ಲ. ಬೇರೆಲ್ಲಿಯೋ ಮಿಕ್ಕಿದ ಡಾಂಬರನ್ನು ರಾತ್ರೋರಾತ್ರಿ ಇಲ್ಲಿ ಸುರಿದು ಹೋದಂತಿದೆ. ಅಗಲ ಒಂದು ಮಾರೂ ಇಲ್ಲ, ಎತ್ತರ ಸಂಹಿತೆಗಿಂತ ಎರಡು ಬೆರಳು ಹೆಚ್ಚು. ಅದು ಎರಡು ಅಚ್ಚುಗಳ ನಡುವೆ ಇಡಿಯಾಗಿ ನುಗ್ಗಿ ನಿಲ್ಲುತ್ತದೆ.

ಈ ಕಾರಿನಲ್ಲಿ ಒಂದು ಗುಂಡಿ ಒತ್ತಿದರೆ ಮೂತಿ ಸುಮಾರು 4 ಸೆಂಟಿಮೀಟರ್ ಮೇಲೇಳುವ ಸೌಲಭ್ಯವಿದೆ. ಮೂತಿ ದಾಟಿತು, ಹೊಟ್ಟೆ ಸಿಕ್ಕಿಬಿತ್ತು. ಹಿಂದಿನಿಂದ ಸ್ಕೂಟರುಗಳ ಹಾರನ್ನು ಮೊಳಗಿತು. ಇಸ್ತ್ರಿಯಂಗಡಿಯವನು ಬಂದ, ಹಾಲಿನ ಬೂತಿನವರು ಬಂದರು, ವಾಕಿಂಗ್ ಹೊರಟಿದ್ದ ಹಿರಿಯರೆಲ್ಲ ಸುತ್ತುವರಿದರು. ಎಲ್ಲರಲ್ಲಿಯೂ ಸಲಹೆಯಿತ್ತು. "ಮೇಷ್ಟ್ರೇ, ಓರೆಯಾಗಿ ಹತ್ತಿಸಿ" ಎಂದು ಎದುರುಮನೆಯವರು ಅಂದದ್ದೇ ಶಾಸ್ತ್ರಸಮ್ಮತವಾದ ಸಲಹೆ. ಓರೆಯಾಗಿ ಹೋದರೆ ಚಕ್ರಗಳು ಒಂದೊಂದಾಗಿ ಏರಿ ಹೊಟ್ಟೆಯನ್ನು ಎತ್ತಿಹಿಡಿಯುತ್ತವೆ. ಆದರೆ ಒಂದೂವರೆ ಟನ್ನಿನ ಕಾರನ್ನು ಹಿಂದಕ್ಕೆ ಜಗ್ಗಿ ಓರೆ ಮಾಡಲು ಅವರೆಲ್ಲರ ಭುಜಬಲವೂ ಬೇಕಾಯಿತು. ತರಕಾರಿ ಚೀಲ ಕೆಳಗಿಟ್ಟು ನೂಕಿದವರೊಬ್ಬರು, ಕಾರು ಬಿಡುಗಡೆಯಾದ ಮೇಲೆ ಬೆವರು ಒರೆಸಿಕೊಳ್ಳುತ್ತ, "ಮೈಲೇಜ್ ಎಷ್ಟು ಕೊಡುತ್ತೆ?" ಎಂದರು.

ವರದಿಯನ್ನು ಅಕ್ಕನ ಕೈಗೆ ಕೊಟ್ಟೆ. ಕಾರ್ಯಕ್ಷಮತೆ ಅತ್ಯುತ್ತಮ, ಸುಖ ತೃಪ್ತಿಕರ, ನಿತ್ಯೋಪಯೋಗಕ್ಕೆ ಅಡ್ಡಿಯಿರುವುದು ಕಾರಿನಲ್ಲಲ್ಲ, ರಸ್ತೆಯಲ್ಲಿ, ಎಂದು ಬರೆದಿದ್ದೆ. ಅವಳು ಕನ್ನಡಕ ಏರಿಸಿ ಪೂರ್ತಿ ಓದಿ, "ರಸ್ತೆ ನಮ್ಮದಲ್ಲವಲ್ಲೋ, ಕಾರು ತಾನೆ ನಮ್ಮದು" ಎಂದಳು. ಈ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ಹಂಪಿನ ಅಡ್ಡಕೊಯ್ತದ ಚಿತ್ರ ಬರೆದು, 17 ಮೀಟರ್ ತ್ರಿಜ್ಯದ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ, ಕಾರಿನ ತಾಂತ್ರಿಕ ವಿವರಗಳ ಹಾಳೆಯನ್ನೂ ಲಗತ್ತಿಸಿ, ಸಂಬಂಧಪಟ್ಟ ಕಚೇರಿಗೆ ಮನವಿ ಸಲ್ಲಿಸಿದೆ.

ಕ್ರಮ ಕೈಗೊಂಡರು. ಡಾಂಬರಿನ ಗಾಡಿ ಬಂದ ಸದ್ದು ಕೇಳಿ ನಾನು ಸಡಗರದಿಂದ ಹೊರಗೆ ಬಂದಾಗ, ಹಳೆಯ ಹಂಪಿನಿಂದ ಹತ್ತು ಹೆಜ್ಜೆ ಈಚೆಗೆ, ನಮ್ಮ ಗೇಟಿನ ಎದುರಿಗೇ, ಎರಡನೆಯದೊಂದನ್ನು ತಟ್ಟಿ ನುಣುಪು ಮಾಡುತ್ತಿದ್ದರು. ಮೇಸ್ತ್ರಿಯ ಕೈಯಲ್ಲಿ ನನ್ನ ಮನವಿಯ ಪ್ರತಿಯಿತ್ತು. 293 ಎಂಬ ಅಂಕಿಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದರು. "ಈ ರಸ್ತೆಯಲ್ಲಿ ಯಾರೋ ಮುನ್ನೂರರಲ್ಲಿ ಗಾಡಿ ಓಡಿಸ್ತಾರಂತೆ ಸಾರ್, ಕಂಪ್ಲೇಂಟ್ ಬಂದಿದೆ" ಎಂದು ಅವನು ನನಗೆ ತಿಳಿಸಿದ.