ಜಾಗ ಇದ್ದರೂ ಬ್ಯಾಕಪ್ ಆಗಲ್ಲ ಅಂದ್ರೆ ಹೇಗೆ?
ಮೂರು ರಾತ್ರಿ ಬ್ಯಾಕಪ್ ಹಾಕಿ ಮಲಗಿದೆ. ಮೂರು ದಿನವೂ ಬೆಳಗ್ಗೆ ಅದೇ ಸಂದೇಶ: 'ಬ್ಯಾಕಪ್ ವಿಫಲವಾಗಿದೆ'. ಯಾಕೆ ಅಂತ ಒಂದು ಸಾಲು ಹೇಳಬಾರದಾ? ಬ್ಯಾಕಪ್ ಇಡುವ ಡಿಸ್ಕಿನಲ್ಲಿ 600 ಜಿಬಿ ಖಾಲಿ ಇತ್ತು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಸುಮ್ನೆ ಸಮಯ ಹಾಳು. ಕೊನೆಗೆ ಗೊತ್ತಾಯಿತು, ಈ ಹಳೆಯ ಡಿಸ್ಕ್ ಫ್ಯಾಟ್32 ಅನ್ನೋ ಫಾರ್ಮ್ಯಾಟಿನಲ್ಲಿದೆ, ಅಂದ್ರೆ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಪದ್ಧತಿ. ಎಷ್ಟೇ ಜಾಗವಿರಲಿ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಅಕ್ಕನ ಮದುವೆಯ ವಿಡಿಯೊ 11 ಜಿಬಿ! ಅಜ್ಜಿ ಸೋಬಾನೆ ಹಾಡಿದ್ದು ಅದರಲ್ಲಿದೆ. ಅಜ್ಜಿ ಈಗ ಇಲ್ಲ. ಇಂಥದ್ದನ್ನು ಉಳಿಸೋಕೆ ಹೊರಟವರಿಗೆ ಕಾರಣವನ್ನೇ ಮುಚ್ಚಿಡುವುದು ಸರಿಯಲ್ಲ, ಅಲ್ವಾ? ಇದ್ದ ಫೈಲುಗಳನ್ನು ಬೇರೆಡೆಗೆ ಸಾಗಿಸಿ, ಡಿಸ್ಕನ್ನು ದೊಡ್ಡ ಫೈಲುಗಳನ್ನೂ ಹಿಡಿಯುವ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದೆ. ಬ್ಯಾಕಪ್ ಮುಗಿಯಿತು. ಇನ್ನೊಂದು ಡಿಸ್ಕ್ ತಂದು, ಎರಡನೇ ಪ್ರತಿಯನ್ನು ಅಕ್ಕನ ಮನೆಯಲ್ಲಿಟ್ಟೆ. ನಿನ್ನೆ ಅದರಿಂದಲೇ ವಿಡಿಯೊ ತೆರೆದು ಕೊನೆಯವರೆಗೂ ನೋಡಿದೆವು.