ಉಗುಳಿದರೆ ದಂಡ, ಉಗುಳದಿದ್ದರೆ ಜೈಲು

ರಸ್ತೆ ಮೇಲೆ ಉಗುಳಿದರೆ ದಂಡ. ಸ್ಟೇಷನ್ನಿನಲ್ಲಿ ಎಂಜಲು ಕೊಡಲ್ಲ ಅಂದರೆ ಮೂರು ತಿಂಗಳವರೆಗೆ ಜೈಲು. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ ಪ್ರಕಾರ ಪೊಲೀಸರು ಗುರುತಿಗಾಗಿ ಕೇಳುವ ಮಾದರಿ ಕೊಡಲು ಒಪ್ಪದಿರುವುದೂ ಅಪರಾಧ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ?

ಬ್ರಿಟಿಷರ 1920ರ ಕಾಯ್ದೆಗೆ ಬೆರಳಚ್ಚು, ಹೆಜ್ಜೆ ಗುರುತು, ಫೋಟೋ ಇಷ್ಟಿದ್ದರೆ ಹೆಚ್ಚುಕಡಿಮೆ ಸಾಕಿತ್ತು. ನಮ್ಮವರಿಗೆ ಸಾಲಲಿಲ್ಲ. ಅಂಗೈ, ಕಣ್ಣಿನ ಪಾಪೆ, ಸಹಿ, ಕೈಬರಹ, ಜೊತೆಗೆ ರಕ್ತ, ಎಂಜಲಿನಂಥ ‘ಜೈವಿಕ ಮಾದರಿ’. ಗಂಡನ ಹೆಸರು ಹೇಳಲು ನಾಚುವ ಹಳೇ ಕಾಲದ ಹೆಂಗಸಿನಂತೆ ಈ ಕಾಯ್ದೆ ಡಿಎನ್‌ಎ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಡಿಎನ್‌ಎ ಪರೀಕ್ಷೆಯ ಮಾತಿರುವ, 2024ರ ತನಕ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 53ನೇ ಕಲಮಿನ ಕಡೆ ಬೆರಳು ತೋರಿಸಿ ತಲೆ ತಗ್ಗಿಸುತ್ತದೆ.

ಹೋಗಲಿ, ಯಾರ ಮಾದರಿ? ಕೊಲೆಗಾರರದ್ದು, ಅತ್ಯಾಚಾರಿಗಳದ್ದು ಅಂದರೆ ಯಾರೂ ಬೇಡ ಅನ್ನಲ್ಲ. ಆದರೆ ಶಿಕ್ಷೆಯಾದವರ ಬಗ್ಗೆ ಕಾಯ್ದೆಯಲ್ಲಿರುವುದು ‘ಯಾವುದೇ ಅಪರಾಧ’. ಯುಗಾದಿ ಮಾರನೇ ದಿನ ಅರಳಿಕಟ್ಟೆ ಹಿಂದೆ ಟವೆಲ್ ಹಾಸಿ ಅಂದರ್ ಬಾಹರ್ ಆಡುವವನನ್ನೇ ನೋಡಿ. ಪೊಲೀಸರು ಬಂದರು, ಎಲೆ, ಚಿಲ್ಲರೆ, ಟವೆಲ್ ಎಲ್ಲ ಜಪ್ತಿ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ, ಶಿಕ್ಷೆಯಾದವನಾದ. ಕೆನ್ನೆಯೊಳಗೆ ಹತ್ತಿ ಕಡ್ಡಿ ಆಡಿಸಬಹುದು. ದಾಖಲೆ ದೆಹಲಿಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಭದ್ರ. ಅವನಿಗೀಗ 25 ಇದ್ದರೆ ನೂರು ತುಂಬುವ ತನಕ. ಡಿಎನ್‌ಎ ಅವನೊಬ್ಬನದ್ದೂ ಅಲ್ಲ, ಅರ್ಧ ತಾಯಿಯದ್ದು. ಜನ್ಮದಲ್ಲಿ ಇಸ್ಪೀಟು ಮುಟ್ಟದ ಆ ತಾಯಿಯೂ ಮಗನ ಜೊತೆ ಫೈಲಿನೊಳಗೆ!

ಇದನ್ನೆಲ್ಲ ಜೋಪಾನ ಮಾಡುವವರು ಯಾರು? ಸ್ಟೇಷನ್ ಅಂಗಳದಲ್ಲಿ ಜಪ್ತಿ ಬೈಕುಗಳ ಸೀಟು ಸೀಳಿ ಹುಲ್ಲು ಬೆಳೆದಿರುವುದನ್ನು ನೀವೂ ನೋಡಿರುತ್ತೀರಿ.

ಲ್ಯಾಬುಗಳು ಹೇಗಿರಬೇಕು, ಯಾರು ನಿಗಾ ಇಡಬೇಕು ಅಂತ ಹೇಳಲು ಇನ್ನೊಂದು ಮಸೂದೆ ಇತ್ತು, ಡಿಎನ್‌ಎ ತಂತ್ರಜ್ಞಾನದ ಬಳಕೆ ನಿಯಂತ್ರಿಸುವ ಮಸೂದೆ. 2007ರಲ್ಲಿ ಒಂದು ಕರಡು, 2012ರಲ್ಲಿ ಮತ್ತೊಂದು, 2015ರಲ್ಲಿ ಮಗದೊಂದು. 2019ರ ಜನವರಿಯಲ್ಲಿ ಲೋಕಸಭೆ ಪಾಸೂ ಮಾಡಿತು. ಸಭೆಯ ಅವಧಿ ಮುಗಿದು ಮಸೂದೆ ಸತ್ತಿತು. ಜುಲೈನಲ್ಲಿ ಮತ್ತೆ ಹುಟ್ಟಿತು, ಸಂಸದೀಯ ಸಮಿತಿಗೆ ಹೋಯಿತು, ಉದ್ದನೆಯ ವರದಿಯೂ ಬಂತು. 2023ರ ಜುಲೈನಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. 2022ರ ಕಾಯ್ದೆ ಇದೆಯಲ್ಲ, ಸಾಕಂತೆ. ಬೀಗ ಬೇಡ, ಬೀರು ಇದೆಯಲ್ವಾ!

ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟು ಮೇಲಿನ ಕೋರ್ಟು ಬಿಟ್ಟುಬಿಟ್ಟರೆ? ಅಳಿಸುತ್ತಾರೆ. ಆದರೆ ಹಿಂದೆ ಶಿಕ್ಷೆಯಾಗಿರಬಾರದು, ಮೇಲ್ಮನವಿಗಳೆಲ್ಲ ಮುಗಿದಿರಬೇಕು. ಆಮೇಲೆ ಇದಕ್ಕೆಂದೇ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಅರ್ಜಿ. ರಕ್ತ, ಎಂಜಲು, ಕಣ್ಣಿನ ಪಾಪೆ, ಹತ್ತು ಬೆರಳು ಎಲ್ಲ ಸರ್ಕಾರದ ಹತ್ತಿರವೇ ಇರುವ ಆ ಮನುಷ್ಯ ಅರ್ಜಿ ಹಿಡಿದು ಹೋದರೆ, ಅವನು ಅವನೇ ಅಂತ ನಂಬಲು ಆಧಾರ್ ಜೆರಾಕ್ಸ್ ಕೇಳದೆ ಬಿಡ್ತಾರಾ?