24 ಗಂಟೆ ಡ್ಯೂಟಿ ಅಂತ ಒಂದು ಕೆಲಸ ಇಲ್ಲ

ಮಂಗಳೂರಲ್ಲಿ ದೊಡ್ಡ ಆಸ್ಪತ್ರೆಗಳ ಎದುರಿನ ಮೆಡಿಕಲ್ ಶಾಪುಗಳಲ್ಲಿ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿಸಿರ್ತಾರೆ. ‘ಹೋಮ್ ನರ್ಸ್ ಬೇಕೇ? 24 ಗಂಟೆ ಸೇವೆ.’ ಡಿಸ್ಚಾರ್ಜ್ ದಿನ ಡಯಾಪರ್, ಗ್ಲೌಸ್ ತಗೊಳ್ಳೋಕೆ ಬಂದವರು ಆ ನಂಬರನ್ನು ಫೋನಿಗೆ ಹಾಕ್ಕೊಂಡು ಹೋಗ್ತಾರೆ. ನಾವೂ ಹಾಗೇ ಹಾಕ್ಕೊಂಡವರು.

ಆ ಚೀಟಿಯಲ್ಲಿ ಎರಡು ಸುಳ್ಳಿವೆ. ಮೊದಲನೇದು ಎಲ್ಲರಿಗೂ ಗೊತ್ತಿರೋದೇ: ಬರುವವರು ಸಾಮಾನ್ಯವಾಗಿ ನರ್ಸ್ ಅಲ್ಲ. ನರ್ಸ್ ಆಗಬೇಕಾದರೆ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ಮನೆಗೆ ಬರೋದು ಬಹಳ ಸಲ ಪಿಯುಸಿವರೆಗೆ ಓದಿ, ಬಿಪಿ ನೋಡೋದು, ಡಯಾಪರ್ ಬದಲಾಯಿಸೋದು ಕಲಿತ ಹುಡುಗಿ. ಮೀಯಿಸೋಕೆ, ಊಟ ಮಾಡಿಸೋಕೆ, ಕೈ ಹಿಡಿದು ಅಂಗಳದಲ್ಲಿ ನಡೆಸೋಕೆ ಅಷ್ಟು ಕಲಿತಿದ್ದರೆ ಸಾಕು, ಅದಕ್ಕೆ ನನ್ನ ತಕರಾರಿಲ್ಲ. ನಂಗೆ ಸಿಟ್ಟಿರೋದು ಎರಡನೇ ಸುಳ್ಳಿನ ಮೇಲೆ, ಆ ‘24 ಗಂಟೆ’ಯ ಮೇಲೆ.

ನಮ್ಮತ್ತೆಗೆ ಸ್ಟ್ರೋಕ್ ಆಗಿ ಎಡಭಾಗ ಪೂರ್ತಿ ಹೋಯ್ತು. ನುಂಗೋಕಾಗಲ್ಲ, ಮೂಗಿಗೆ ರೈಲ್ಸ್ ಟ್ಯೂಬ್. ಈ ಟ್ಯೂಬಲ್ಲಿ ಊಟ ಕೊಡೋದು ನೋಡಿದವರಿಗೆ ಗೊತ್ತು. ತಲೆಭಾಗ ಎತ್ತರಿಸಬೇಕು, ಹಿಂದಿನ ಸಲ ಕೊಟ್ಟದ್ದು ಹೊಟ್ಟೆಯಲ್ಲೇ ನಿಂತಿದೆಯಾ ಅಂತ ಸಿರಿಂಜಲ್ಲಿ ಎಳೆದು ನೋಡಬೇಕು, ಗಂಜಿತಿಳಿ ತಾನಾಗಿ ಇಳಿಯೋವರೆಗೆ ಕೈ ಎತ್ತಿ ಹಿಡಿದು ನಿಲ್ಲಬೇಕು, ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯಬೇಕು, ಅರ್ಧ-ಮುಕ್ಕಾಲು ಗಂಟೆ ಮಲಗಿಸಬಾರದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯ ಆಗಬಹುದು. ಇದು ದಿನಕ್ಕೆ ಐದಾರು ಸಲ. ಇದರ ಜೊತೆಗೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಆಮೇಲೆ ಆರಕ್ಕೆ ಬೆಳಗಿನ ಕೆಲಸ ಶುರು.

ಈಗ ಹೇಳಿ, ಇದನ್ನು ಒಬ್ಬಳೇ ಹೆಣ್ಣುಮಗಳು ತಿಂಗಳುಗಟ್ಟಲೆ ಮಾಡೋಕಾಗುತ್ತಾ? ಯಾವ ಆಸ್ಪತ್ರೆಯಲ್ಲೂ ಒಬ್ಬರೇ ನರ್ಸಿಗೆ ಹಗಲೂ ರಾತ್ರಿ ಬಿಡದೆ ಡ್ಯೂಟಿ ಹಾಕಲ್ಲ. ಮನೆಗೆ ಬಂದ ಕೂಡಲೇ ಅದೇ ಕೆಲಸಕ್ಕೆ ಪಾಳಿಯೇ ಬೇಡ ಅಂತಾಗ್ತದೆ.

ನಮ್ಮನೆಗೆ ಬಂದಿದ್ದವಳು ಹಾವೇರಿ ಕಡೆಯ ಹುಡುಗಿ. ಚುರುಕು, ಬಾಯಿ ತುಂಬಾ ‘ಅಜ್ಜಿ, ಅಜ್ಜಿ’ ಅನ್ನೋವಳು. ಒಂದು ಬೆಳಿಗ್ಗೆ ಅತ್ತೆಯ ಬೆನ್ನ ಕೆಳಗೆ, ಬಾಲದ ಮೂಳೆಯ ಮೇಲೆ, ಎಂಟಾಣೆಯಷ್ಟು ಅಗಲಕ್ಕೆ ಚರ್ಮ ಕೆಂಪಾಗಿತ್ತು. ಬೆರಳಲ್ಲಿ ಒತ್ತಿ ಬಿಟ್ಟರೂ ಬಿಳಿಚಿಕೊಳ್ಳಲಿಲ್ಲ. ಬೆಡ್ ಸೋರ್ ಶುರುವಾಗೋದು ಹೀಗೇ. ಬೆಂಗಳೂರಿನ ನಾದಿನಿ ಫೋನಲ್ಲೇ, ‘ದುಡ್ಡು ತಗೊಂಡು ನಿದ್ದೆ ಹೊಡೀತಾಳಲ್ಲ’ ಅಂದಳು. ಹುಡುಗಿ ಅಳಲಿಲ್ಲ, ಸಬೂಬೂ ಹೇಳಲಿಲ್ಲ. ‘ಅಕ್ಕಾರ, ಅಲಾರಂ ಇಟ್ಟಿದ್ದೆ ರೀ. ನಂಗ ಕೇಳಿಸ್ಲೇ ಇಲ್ಲ’ ಅಂದಳು. ಎರಡು ಗಂಟೆಗೊಮ್ಮೆ ಎಬ್ಬಿಸಿದರೆ ಅಲಾರಂ ಯಾರಿಗೆ ಕೇಳಿಸ್ತದೆ?

ಏಜೆನ್ಸಿಗೆ ಫೋನ್ ಮಾಡಿದರೆ ಸಿಕ್ಕ ಪರಿಹಾರ ‘ರಿಪ್ಲೇಸ್‌ಮೆಂಟ್’. ಇವಳನ್ನು ವಾಪಸ್ ಕರೆಸಿ ಇನ್ನೊಬ್ಬಳನ್ನು ಕಳಿಸ್ತಾರಂತೆ, ಅವಳಿಗೂ ಅದೇ 24 ಗಂಟೆ. ವಾರಕ್ಕೊಂದು ದಿನ ರಜೆ ಕೊಟ್ಟರೆ ಬದಲಿ ಯಾರು ಬರ್ತಾರೆ ಅಂತ ಕೇಳಿದ್ದಕ್ಕೆ ‘ರಜೆಯೆಲ್ಲ ಅಭ್ಯಾಸ ಮಾಡಿಸಬೇಡಿ ಮೇಡಂ’ ಅಂದರು. ತಿಂಗಳಿಗೆ ನಾವು ಕೊಡ್ತಿದ್ದ 25 ಸಾವಿರದಲ್ಲಿ ಅವಳ ಕೈಗೆ ಎಷ್ಟು ಸೇರ್ತಿತ್ತೋ! ಸಂಬಳದ ಮಾತು ಅವಳ ಹತ್ತಿರ ಆಡಬಾರದು ಅಂತ ಮೊದಲ ದಿನವೇ ತಾಕೀತು ಮಾಡಿದ್ದರು.

ಹಾಗಂತ ಏಜೆನ್ಸಿಯವರನ್ನು ಮಾತ್ರ ಬೈದು ಮುಗಿಸೋ ವಿಷಯ ಅಲ್ಲ ಇದು. 24 ಗಂಟೆ ಡ್ಯೂಟಿ ಅವರು ಕಂಡುಹಿಡಿದದ್ದೇನಲ್ಲ. ನಮ್ಮ ಮನೆಗಳಲ್ಲಿ ಸೊಸೆಯಂದಿರು ಮಾಡ್ತಾ ಬಂದದ್ದು ಅದನ್ನೇ, ಸಂಬಳ ಇಲ್ಲದೆ. ‘ಮಗ-ಸೊಸೆ ಇದ್ದೂ ಹೊರಗಿನವರ ಕೈಯಲ್ಲಿ ಮಾಡಿಸ್ತಾರೆ’ ಅಂತ ಮದುವೆಮನೆಯಲ್ಲಿ ಪಿಸುಗುಡೋರು ಇದ್ದಾರಲ್ಲ, ಅವರ್‍ಯಾರೂ ಒಂದು ರಾತ್ರಿ ಬಂದು ಕೂತದ್ದು ನಾನು ಕಂಡಿಲ್ಲ.

ನಾವು ಮಾಡಿದ್ದು ಇಷ್ಟು. ಹುಡುಗಿಯನ್ನು ಕಳಿಸಲಿಲ್ಲ, ಅವಳ ಕೆಲಸ ಬೆಳಿಗ್ಗೆ ಏಳರಿಂದ ಸಂಜೆ ಏಳಕ್ಕೆ ಇಳಿಸಿದೆವು. ರಾತ್ರಿಗೆ ಹತ್ತಿರದವರೇ ಒಬ್ಬರು, ಅವರಿಲ್ಲದ ದಿನ ನಾನು ಮತ್ತು ಯಜಮಾನರು. ಟ್ಯೂಬ್ ಬದಲಿಸೋಕೆ ಮಾತ್ರ ಜಿಎನ್‌ಎಂ ಮಾಡಿದ ಸಿಸ್ಟರ್ ಬಂದು ಹೋಗ್ತಾರೆ, ಭೇಟಿಗೆ ಇಷ್ಟು ಅಂತ ಕೊಡ್ತೀವಿ. ಏರ್ ಬೆಡ್ ಬಾಡಿಗೆಗೆ ತಂದೆವು. (ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸೋದು ಬಿಡೋ ಹಾಗಿಲ್ಲ, ಮಾರೋವರು ಅದನ್ನು ಹೇಳಲ್ಲ.) ಕೆಂಪು ಹುಣ್ಣಾಗದೆ ಇಳೀತು. ಖರ್ಚು ಮಾತ್ರ ಹತ್ತಿರ ಹತ್ತಿರ ದುಪ್ಪಟ್ಟು. ಇಬ್ಬರ ಸಂಬಳ ಬರೋ ಮನೆ, ಹೇಗೋ ನಡೀತಿದೆ. ಬೀಡಿ ಕಟ್ಟಿ ಬದುಕೋ ಮನೆಯವರು ಏನು ಮಾಡ್ಬೇಕು?

ತಲಪಾಡಿ ಗೇಟು ದಾಟಿದರೆ ಕೇರಳದ ಮಂಜೇಶ್ವರ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆಗೆ ಪಂಚಾಯತಿನ ಕಡೆಯಿಂದ ‘ಪಾಲಿಯೇಟಿವ್‌ನವರು’ ಬರ್ತಾರೆ, ಅಂದರೆ ಹಾಸಿಗೆ ಹಿಡಿದವರನ್ನು, ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡೋವರು. ಸಿಸ್ಟರ್ ಕ್ಯಾಥೆಟರ್ ಬದಲಿಸ್ತಾರೆ, ಹುಣ್ಣಿದ್ದರೆ ಡ್ರೆಸ್ಸಿಂಗ್ ಮಾಡ್ತಾರೆ, ಯೂರಿನ್ ಬ್ಯಾಗು ಸೊಂಟಕ್ಕಿಂತ ಕೆಳಗೇ ಇರಬೇಕು ಅಂತ ಮನೆಯವರಿಗೆ ಕಲಿಸಿಕೊಡ್ತಾರೆ. ದಿನವಿಡೀ ಕೂರೋರಲ್ಲ, ಆದರೂ ಚಿಕ್ಕಮ್ಮನಿಗೆ ಗಾಬರಿಯಾದಾಗ ಕೇಳೋಕೆ ಒಬ್ಬರಿದ್ದಾರೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿ ಸ್ಥಳೀಯ ಪಂಚಾಯತಿಗಳ ಮೂಲಕ ನಡೆಸ್ತಾ ಬಂದಿದೆ.

ಇತ್ತ ನಮ್ಮ ಕಡೆ? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿತು, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಒಳ್ಳೇದೇ, ಆದರೆ ಅದು ಆಸ್ಪತ್ರೆಗೆ ಸೇರಿದರೆ ಸಿಗೋದು, ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರ ಆರೈಕೆಗಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಒಂದು ತಿದ್ದುಪಡಿ ಮಸೂದೆ ಬಂದಿತ್ತು. ಮನೆಗೆ ಬಂದು ಆರೈಕೆ ಮಾಡುವ ಸೇವೆ ಕೊಡುವ ಸಂಸ್ಥೆಗಳನ್ನೂ ನಿಯಮಕ್ಕೆ ಒಳಪಡಿಸೋದು ಅದರಲ್ಲಿತ್ತು. ಪಾಸಾಗಲೇ ಇಲ್ಲ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಅದೂ ಬಿದ್ದುಹೋಯ್ತು. ನಮ್ಮ ಸಂಸದರನ್ನು ಈ ಬಗ್ಗೆ ಯಾರಾದರೂ ಕೇಳಿದ್ದೀರಾ? ರಸ್ತೆ, ರೈಲು ಬಿಟ್ಟು ಬೇರೆ ಕೇಳಿದ ನೆನಪು ನನಗಂತೂ ಇಲ್ಲ.

ಉಡುಪಿಯಲ್ಲಿ ನಮ್ಮ ಮಾವನ ತಮ್ಮನಿಗೆ ಈಗ ಜನ ಬೇಕಾಗಿದೆ. ಪಾರ್ಕಿನ್ಸನ್ಸ್, ರಾತ್ರಿ ಏಳೆಂಟು ಸಲ ಏಳ್ತಾರೆ. ಎರಡು ಪಾಳಿಯಲ್ಲಿ ಇಬ್ಬರನ್ನು ಕೊಡುವ, ರಜೆ ದಿನಕ್ಕೆ ಬದಲಿ ಕಳಿಸುವ ಏಜೆನ್ಸಿ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಹಾಕಿ. ‘ತುಂಬಾ ಒಳ್ಳೆ ಹುಡುಗಿ ಇದ್ದಾಳೆ, ಒಬ್ಬಳೇ ಎಲ್ಲಾ ನೋಡ್ಕೊಳ್ತಾಳೆ’ ಅನ್ನೋ ನಂಬರುಗಳು ಬೇಡ.